ಹತ್ತು ಅಂಕೆಗಳ ಜಾಗ

ಹೊನ್ನಾವರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಕೊಂಕಣಿಯವರು. ಭಟ್ಕಳದ ಆಫೀಸಿಗೆ ನಾನು ಹೋಗಲು ಶುರುಮಾಡಿ ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಹಿಡಿದು ನಿಲ್ಲಿಸಿದರು.

"ಅಲ್ಲ ಮಾರಾಯ್ತಿ, ದಿನಾ ಅಷ್ಟು ದೂರ ಹೋಗಿ ಎಂತ ಮಾಡ್ತೀ ನೀನು?"

"ಅಳಿಸ್ತೆ" ಎಂದೆ.

"ಎಂತದನ್ನ?"

"ಜನರ ಹೆಸರು, ಫೋನ್ ನಂಬರು."

"ಬರೆಯೂದಕ್ಕೆ ಸಂಬಳ ಕೊಡೂದು ಗೊತ್ತಿತ್ತು. ಅಳಿಸೂದಕ್ಕೂ ಕೊಡ್ತಾರಾ?" ಎಂದು ಅವರು ಕೊಡ ಎತ್ತಿಕೊಂಡು ಹೋದರು. ನನಗೆ ಸಿಟ್ಟು ಬಂದಿತ್ತು. ಆದರೆ ನನ್ನ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಯಾರೂ ಇದುವರೆಗೆ ವಿವರಿಸಿಲ್ಲ.

ಎರಡು ಸಾವಿರದ ಆರೋ ಏಳೋ ಇಸವಿ. ನನಗೆ ಮೂವತ್ತು ದಾಟಿತ್ತು. ಗಂಡ ತೀರಿಕೊಂಡು ಮೂರು ವರ್ಷ, ಮಕ್ಕಳಿಲ್ಲ. ಹೊನ್ನಾವರದ ಟ್ಯುಟೋರಿಯಲ್ ಒಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಅದು ಮುಚ್ಚಿದಾಗ ಭಟ್ಕಳದ ಒಬ್ಬ ಹಿರಿಯರು ಕರೆದು ಕೆಲಸ ಕೊಟ್ಟರು. ದುಬೈಯಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಬಂದವರು ಅವರು. ಮನೆಯಲ್ಲಿ ನವಾಯತಿ, ಪೇಟೆಯಲ್ಲಿ ಉರ್ದು, ನನ್ನ ಜೊತೆ ಕನ್ನಡ. ನಾನು ಸಾಹೇಬ್ರೆ ಎನ್ನುತ್ತಿದ್ದೆ, ಕಲಿಸಿದವಳೆಂದು ಅವರು ನನ್ನನ್ನು ಅಕ್ಕೋರೆ ಎನ್ನುತ್ತಿದ್ದರು. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕುಗಳ ಸುದ್ದಿಯನ್ನು ಹೊರಗಿರುವ ಊರಿನವರಿಗೆ ಮುಟ್ಟಿಸುವ ಒಂದು ವೆಬ್‌ಸೈಟು ಅವರದು. ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಆಫೀಸು. ಸುದ್ದಿಯವರು ತಿರುಗಾಟದಲ್ಲೇ ಇರುತ್ತಿದ್ದುದರಿಂದ ಹಗಲೆಲ್ಲ ಅಲ್ಲಿ ನಾನೊಬ್ಬಳೇ.

ಮದುವೆ ಫೋಟೋ, ಸಾವಿನ ಸುದ್ದಿ, ಮನೆ ಬಾಡಿಗೆಗಿದೆ ಎಂಬಂಥ ಸಣ್ಣ ಜಾಹೀರಾತು, ಹೆಸರು ಹಾಕಿ ಹುಡುಕಲು ಒಂದು ಪೆಟ್ಟಿಗೆ. ಇಷ್ಟೇ ನಮ್ಮ ಸೈಟು. ಆದರೆ ಫೋಟೋಗಳು ಭಾರ. ಇಲ್ಲಿಯ ಒಂದು ಮದುವೆಯ ಫೋಟೋ ದುಬೈಯಲ್ಲಿ ಪೂರ್ತಿ ತೆರೆಯುವುದರೊಳಗೆ ಎದುರಿಗಿದ್ದ ಚಹಾ ಆರುತ್ತಿತ್ತಂತೆ. ಅದಕ್ಕಾಗಿ ಸಾಹೇಬರು ಒಂದು ಹೊರದೇಶದ ಕಂಪನಿಯನ್ನು ಹಿಡಿದಿದ್ದರು. ಆ ಕಂಪನಿ ನಮ್ಮ ಪುಟಗಳ ನಕಲನ್ನು ದೇಶದೇಶಗಳ ತನ್ನ ಯಂತ್ರಗಳಲ್ಲಿ ಇಟ್ಟು, ನೋಡುವವರಿಗೆ ಹತ್ತಿರದ ಯಂತ್ರದಿಂದ ಕೊಡುತ್ತಿತ್ತು. ಯಾವ ಯಂತ್ರದಿಂದ, ಎಷ್ಟು ಹೊತ್ತಿಗೆ, ಯಾರು, ಯಾವ ಪುಟ ತೆರೆದರು ಎಂಬುದೆಲ್ಲ ಸಾಲುಸಾಲಾಗಿ ದಾಖಲಾಗುತ್ತಿತ್ತು. ಆ ದಾಖಲೆಗೆ ಲಾಗ್ ಎನ್ನುತ್ತಾರೆ. ದಿನಕ್ಕೆ ಲಕ್ಷಗಟ್ಟಲೆ ಸಾಲು ಬರುತ್ತಿದ್ದವು.

ಮಂಗಳೂರಿನ ಜಾಹೀರಾತು ಏಜೆನ್ಸಿಯೊಂದು ಆ ಲಾಗನ್ನು ವಾರಕ್ಕೊಮ್ಮೆ ಕೇಳುತ್ತಿತ್ತು. ಎಲ್ಲಿಂದ ಎಷ್ಟು ಜನ ಬರುತ್ತಾರೆಂದು ತಿಳಿದರೆ ಅವರಿಗೆ ಸಾಕು. ಆದರೆ ನಮ್ಮ ಸೈಟನ್ನು ಕಟ್ಟಿದ ಪುಣ್ಯಾತ್ಮ ಜನ ಪೆಟ್ಟಿಗೆಯಲ್ಲಿ ಬರೆದದ್ದನ್ನೆಲ್ಲ ಪುಟದ ವಿಳಾಸದ ಬಾಲಕ್ಕೇ ಅಂಟಿಸುವ ಹಾಗೆ ಕಟ್ಟಿದ್ದ. ಯಾರು ಯಾರ ಹೆಸರನ್ನು ಹುಡುಕಿದರು, ಯಾವ ಜಾಹೀರಾತಿಗೆ ಏನು ಉತ್ತರ ಬರೆದರು, ಅವರ ಫೋನ್ ನಂಬರು, ಇಮೇಲು, ಎಲ್ಲವೂ ಲಾಗಿನಲ್ಲಿ ಕಣ್ಣಿಗೆ ರಾಚುತ್ತಿತ್ತು.

"ಇದು ಅಮಾನತ್ತು, ಅಕ್ಕೋರೆ" ಎಂದಿದ್ದರು ಸಾಹೇಬರು ಮೊದಲ ದಿನವೇ. "ಜನ ನಂಬಿ ನಮ್ಮ ಹತ್ರ ಇಟ್ಟದ್ದು. ಯಾರ ಮನೆ ಹೆಣ್ಣುಮಗು ಯಾವ ಪುಟ ನೋಡ್ತು ಅನ್ನೂದು ಈ ಮೆಟ್ಟಿಲು ಇಳೀಬಾರ್ದು. ನೀವೂ ಓದ್ಬೇಡಿ."

ಓದದೆ ಅಳಿಸುವುದು ಹೇಗೆ? ಅದನ್ನೇ ಕಲಿತೆ. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿ.ಡಿ.ಯಿಂದ ಲಿನಕ್ಸ್ ಹಾಕಿಕೊಂಡು, ಕಪ್ಪು ಪರದೆಯ ಮೇಲೆ ಒಂದೊಂದೇ ಆಜ್ಞೆ ಟೈಪು ಮಾಡಿ ತಪ್ಪಿ ಕಲಿತೆ. ಸೆಡ್ ಎಂಬ ಒಂದು ಆಜ್ಞೆಯಿದೆ. ಇಂಥದ್ದು ಕಂಡರೆ ತೆಗೆದು ಅದರ ಜಾಗದಲ್ಲಿ ಇಂಥದ್ದನ್ನು ಇಡು ಎಂದರೆ, ಲಕ್ಷ ಸಾಲಿದ್ದರೂ ಬೇಸರವಿಲ್ಲದೆ ಮಾಡುತ್ತದೆ. ಒಟ್ಟಿಗೆ ಆರಕ್ಕಿಂತ ಹೆಚ್ಚು ಅಂಕೆ ಕಂಡರೆ ಎಷ್ಟು ಅಂಕೆಯೋ ಅಷ್ಟು ಎಕ್ಸ್ ಇಡು. ಇಮೇಲಿನ ಗುರುತು ಕಂಡರೆ ಅದರ ಹಿಂದೆ ಮುಂದೆ ಎಕ್ಸ್ ಇಡು. ಹುಡುಕಿದ ಹೆಸರನ್ನು ಕತ್ತರಿಸು. ಇಂಥ ಸಾಲುಗಳನ್ನೆಲ್ಲ ಒಂದರ ಕೆಳಗೊಂದು ಬರೆದಿಟ್ಟರೆ ಅದೇ ಸ್ಕ್ರಿಪ್ಟು. ಬೆಳಿಗ್ಗೆ ಹೋಗಿ ಒಂದು ಕೀಲಿ ಒತ್ತಿದರೆ ಮೇಲಿನಿಂದ ಕೆಳಗೆ ಒಂದೊಂದೇ ಸಾಲು ನಡೆಯುತ್ತದೆ.

ನನ್ನ ಸ್ಕ್ರಿಪ್ಟಿನಲ್ಲಿ ಮೊದಲು ಬರುತ್ತಿದ್ದದ್ದು ಜಾಹೀರಾತಿನ ಉತ್ತರಗಳನ್ನು ಎತ್ತಿಡುವ ಸಾಲು. ಅವು ನಮಗೆ ಬೇರೆ ದಾರಿಯಿಂದ ಬರುತ್ತಿರಲಿಲ್ಲ, ಲಾಗಿನಿಂದಲೇ ಹೆಕ್ಕಿ ಜಾಹೀರಾತು ಕೊಟ್ಟವರಿಗೆ ಮುಟ್ಟಿಸಬೇಕಿತ್ತು. ಅದು ಮುಗಿದ ಮೇಲೆ ಅಳಿಸುವ ಸಾಲುಗಳು. ಕಟ್ಟಕಡೆಗೆ ಮೂಲ ಲಾಗಿನ ಮೇಲೆ ಕಸ ಬರೆದು ಯಾರೂ ಮತ್ತೆ ತೆಗೆಯಲಾರದಂತೆ ನಾಶ ಮಾಡುವ ಒಂದು ಸಾಲು. ನಾವು ಇಳಿಸಿಕೊಂಡ ಕೂಡಲೇ ನಿಮ್ಮ ಕಡೆಯ ಪ್ರತಿಯನ್ನೂ ಅಳಿಸಿ ಎಂದು ಆ ಹೊರದೇಶದ ಕಂಪನಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದವಳೂ ನಾನೇ. ಸಾಹೇಬರು ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡಿದ್ದೆ.

ಅಷ್ಟು ಹಟ ಯಾಕೆಂದರೆ, ನಾನು ಒಮ್ಮೆ ಬಾಯಿಬಿಟ್ಟವಳು.

ಮಿರ್ಜಾನದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬಳಿದ್ದಳು. ಒಂದೇ ವಯಸ್ಸು. ಕುಮಟೆಯ ಕಾಲೇಜಿಗೆ ಮೂರು ವರ್ಷ ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಹೋದೆವು. ಗೆಳತಿ ಎಂದರೆ ನನಗೆ ಅವಳೊಬ್ಬಳೇ, ಆಗಲೂ, ಆಮೇಲೂ. ಆ ಕಡೆಗೆ ರೈಲು ಹೊಸದಾಗಿ ಬಂದ ಕಾಲ. ಅವಳು ಬೇರೆ ಜಾತಿಯ ಹುಡುಗನನ್ನು ಮೆಚ್ಚಿ, ಅವನ ಜೊತೆ ಮುಂಬೈಗೆ ಹೋಗುವುದೆಂದು ನಿಶ್ಚಯಿಸಿ, ನನಗೆ ಮಾತ್ರ ಹೇಳಿದಳು.

"ಎಂತಾದ್ರೂ ಆಗ್ಲಿ, ಯಾರಿಗೂ ಹೇಳಡ."

"ಹೇಳ್ತ್ನಿಲ್ಲೆ" ಎಂದೆ.

ಅವಳು ಹೊರಟ ದಿನ ಬೆಳಿಗ್ಗೆ ಅವಳ ತಾಯಿ ನಮ್ಮ ಜಗುಲಿಗೆ ಬಂದು ಕುಸಿದು ಕೂತರು. ಅತ್ತದ್ದು ಕೂಡ ದೊಡ್ಡದಾಗಿ ಅಲ್ಲ, ಸೆರಗನ್ನು ಬಾಯಿಗೆ ತುರುಕಿಕೊಂಡು. ಆಯಿ, ನಮ್ಮಮ್ಮ, ನನ್ನನ್ನೇ ನೋಡುತ್ತಾ, "ಗೊತ್ತಿದ್ರೆ ಹೇಳೇ, ಹೆತ್ತ ಹೊಟ್ಟೆ ಅದು" ಎಂದಳು. ಹತ್ತು ನಿಮಿಷ ತಡೆದಿರಬಹುದು. "ಮಧ್ಯಾಹ್ನದ ರೈಲು" ಎಂದೆ. ಅಷ್ಟೇ ಸಾಕಾಯಿತು. ಕುಮಟೆ ಸ್ಟೇಷನ್ನಿನಿಂದ ಅವಳನ್ನು ಇಳಿಹೊತ್ತಿಗೆ ಮನೆಗೆ ತಂದರು. ನಮ್ಮ ಜಗುಲಿಯ ಎದುರೇ ನಡೆದು ಹೋದಳು, ತಲೆ ಎತ್ತಲಿಲ್ಲ. ತಿಂಗಳೊಳಗೆ ಪುಣೆಯ ನೆಂಟರಲ್ಲಿಗೆ ಕಳಿಸಿದರು. ಅಲ್ಲೇ ಮದುವೆಯಾಯಿತೆಂದು ಕೇಳಿದೆ. ಅವಳ ಮನೆಯವರು ನನಗೆ ಅವಳ ವಿಳಾಸ ಕೊಡಲಿಲ್ಲ. ನಾನು ಬಾಯಿಬಿಟ್ಟದ್ದು ಅವರಿಗೆ ಉಪಕಾರವೇ ಆಗಿತ್ತು, ಆದರೂ ಅಂಥವಳನ್ನು ಯಾರು ನಂಬುತ್ತಾರೆ?

ಮರುವರ್ಷ ನನಗೂ ಮದುವೆಯಾಯಿತು. ಮದುಮಗಳ ಹೆಸರು ಬದಲಿಸುವ ಪದ್ಧತಿ ಆಗಲೇ ಎಷ್ಟೋ ಮನೆಗಳಲ್ಲಿ ಬಿಟ್ಟುಹೋಗಿತ್ತು. ನಮ್ಮ ಮಾವನವರಿಗೆ ಮಾತ್ರ ಹಟ. ಹರಿವಾಣದ ಅಕ್ಕಿಯ ಮೇಲೆ ಗಂಡ ಉಂಗುರದಿಂದ ಹೊಸ ಹೆಸರು ಬರೆದರು. ಊಟದ ಹೊತ್ತಿಗೆ ಎಲ್ಲರೂ ಅದರಲ್ಲೇ ಕರೆಯತೊಡಗಿದರು. ರೇಶನ್ ಕಾರ್ಡು, ಬ್ಯಾಂಕು, ಕೆಲಸದ ಅರ್ಜಿ, ಎಲ್ಲದರಲ್ಲೂ ಆ ಹೆಸರೇ. ಅವಳಿಗೂ ಪುಣೆಯಲ್ಲಿ ಹಾಗೇ ಹೆಸರು ಬದಲಿಸಿದರೆಂದು ಕೇಳಿದ್ದೆ, ಏನೆಂದು ಮಾತ್ರ ನನಗೆ ಗೊತ್ತಿರಲಿಲ್ಲ. ಅವಳ ಹಳೆಯ ಹೆಸರನ್ನು ಇಂಟರ್‌ನೆಟ್ಟಿನಲ್ಲಿ ನಾನು ಎಷ್ಟು ಸಲ ಹುಡುಕಿದ್ದೇನೋ ಲೆಕ್ಕವಿಲ್ಲ. ಇಲ್ಲದ ಹೆಸರನ್ನು ಹುಡುಕುತ್ತಿದ್ದೇನೆಂದು ಗೊತ್ತಿದ್ದೂ ಹುಡುಕುತ್ತಿದ್ದೆ.

ಗಂಡ ಹೋದ ಮೇಲೆ ಮಾವನವರ ಮನೆ ಬಿಟ್ಟೆ. ತವರಿನಲ್ಲಿ ಆಯಿಯೂ ಹೋಗಿದ್ದಳು. ಹೊನ್ನಾವರದ ಕೋಣೆಯಲ್ಲಿ ಒಬ್ಬಳಿಗೆ ಅನ್ನ ಮಾಡುವುದು ದೊಡ್ಡ ತಾಪತ್ರಯ. ಎಷ್ಟು ಕಡಿಮೆ ಅಕ್ಕಿ ಹಾಕಿದರೂ ಉಳಿಯುತ್ತದೆ. ಭಾನುವಾರ ಬೆಳಿಗ್ಗೆ ಮನೆಯೊಡತಿಗೆ "ತಿಂಡಿ ಆತಾ?" ಎಂದು ಕೇಳಿದರೆ, ಅವತ್ತಿನ ನನ್ನ ಮಾತು ಮುಗಿಯಿತು. ಸೋಮವಾರ ಕಂಡಕ್ಟರನ ಹತ್ತಿರ "ಒಂದು ಭಟ್ಕಳ" ಎನ್ನುವಾಗ ಗಂಟಲು ಕಟ್ಟಿರುತ್ತಿತ್ತು. ಒಂಟಿತನಕ್ಕೆ ಒಗ್ಗಿಹೋಗುತ್ತದೆ ಎನ್ನುವವರು ಅದನ್ನು ಅನುಭವಿಸಿದವರಲ್ಲ. ನನಗಂತೂ ಒಗ್ಗಲಿಲ್ಲ.

ಒಂದು ಗುರುವಾರ ಸ್ಕ್ರಿಪ್ಟು ನಡುವೆ ಕೆಟ್ಟು ನಿಂತಿತು. ಯಾವ ಸಾಲಿನಲ್ಲಿ ಎಡವಿತೆಂದು ತಿಳಿಯಲು ಮೂಲ ಲಾಗನ್ನೇ ತೆರೆದು ನೋಡಬೇಕಾಯಿತು. ಕಣ್ಣು ಹಾಯಿಸುತ್ತಿದ್ದಂತೆ ಹುಡುಕುವ ಪೆಟ್ಟಿಗೆಯ ಒಂದು ಸಾಲು ಕಂಡಿತು. ಮುಂಬೈ ಯಂತ್ರದಿಂದ ಬಂದದ್ದು. ಇಂಗ್ಲಿಷ್ ಅಕ್ಷರಗಳಲ್ಲಿ ನನ್ನ ಹೆಸರು, ಪಕ್ಕದಲ್ಲಿ ಮಿರ್ಜಾನ.

ನನ್ನ ಹೆಸರೆಂದರೆ ಹಳೆಯದು. ಎಂಟು ವರ್ಷದಿಂದ ಯಾರೂ ಕರೆಯದ್ದು.

ಆ ಹೆಸರಿನಲ್ಲಿ ನನ್ನನ್ನು ಹುಡುಕಬೇಕಾದರೆ, ಮದುವೆಯ ನಂತರದ ನನ್ನ ಹೆಸರು ಗೊತ್ತಿಲ್ಲದವರೇ ಆಗಬೇಕು. ಊರಿನವರಿಗೆಲ್ಲ ಅದು ಗೊತ್ತಿತ್ತು. ಗೊತ್ತಿರದವಳು ಒಬ್ಬಳೇ. ಆ ವಾರ ನಾನು ಎರಡು ದಿನ ರಜೆ ಹಾಕಿದ್ದರಿಂದ ಅಳಿಸದೆ ಉಳಿದಿದ್ದ ಇನ್ನೆರಡು ಲಾಗುಗಳಲ್ಲೂ ನೋಡಿದೆ, ನೋಡಬಾರದಿತ್ತು, ನೋಡಿದೆ. ಎರಡರಲ್ಲೂ ಇತ್ತು. ಸಾಲಿನ ಮೊದಲಿಗೆ ಆ ಕಂಪ್ಯೂಟರಿನ ವಿಳಾಸವೂ ಇತ್ತು. ಬೆನ್ನು ಹತ್ತಿದರೆ ಎಲ್ಲಿಯವರೆಂದು ತಿಳಿಯುವ ದಾರಿಗಳು ನನಗೆ ಗೊತ್ತಿದ್ದವು.

ಆ ಮಧ್ಯಾಹ್ನ ಡಬ್ಬಿ ತೆರೆಯಲಿಲ್ಲ. ಅವಳು ನನ್ನನ್ನು ಹುಡುಕುತ್ತಿರುವುದು ಬೈಯಲೋ, ಮಾತಾಡಲೋ, ಅದೂ ತಿಳಿಯದು. ಬೈದರೂ ಪರವಾಗಿಲ್ಲ, ಬೈಯಲಿಕ್ಕಾದರೂ ಒಬ್ಬಳು ಇದ್ದಾಳಲ್ಲ ಎಂದು ಸಂತೋಷವಾಗಿತ್ತು. ಆದರೆ ಒಮ್ಮೆ ಅವಳ ಗುಟ್ಟು ನನ್ನ ಕೈಗೆ ಬಂದಾಗ ನಾನೇನು ಮಾಡಿದ್ದೆ? ಈಗ ಮತ್ತೆ ಬಂದಿದೆ, ಅದೂ ಅವಳು ಕೊಟ್ಟದ್ದಲ್ಲ, ನಾನು ಇಣುಕಿ ತೆಗೆದದ್ದು. ಇನ್ನು ಮುಂದೆ ಇಣುಕಲೇಬಾರದು ಎಂದುಕೊಂಡೆ. ಮನಸ್ಸನ್ನು ನಂಬಿ ಕೂರುವವಳಲ್ಲ ನಾನು. ಅವತ್ತೇ ಸ್ಕ್ರಿಪ್ಟನ್ನು ತಿದ್ದಿದೆ. ಅಂಕೆ, ಇಮೇಲು, ಹುಡುಕಿದ ಹೆಸರು, ಕಂಪ್ಯೂಟರಿನ ವಿಳಾಸ ಇವನ್ನು ಅಳಿಸುವ ಸಾಲುಗಳನ್ನು ಕೆಳಗಿನಿಂದ ಎತ್ತಿ ಎಲ್ಲಕ್ಕಿಂತ ಮೇಲೆ ಇಟ್ಟೆ. ಲಾಗು ಇಳಿಯುತ್ತಿದ್ದಂತೆ ಮೊದಲು ಅಳಿಸುವುದು, ಮೂಲವನ್ನು ಆ ಕ್ಷಣವೇ ನಾಶ ಮಾಡುವುದು, ಉಳಿದದ್ದೆಲ್ಲ ಆಮೇಲೆ. ನನಗೇ ನೋಡಲು ಸಿಗದ ಹಾಗೆ. ಪರೀಕ್ಷೆ ಮಾಡಿ ನೋಡಿದೆ, ಒಂದು ಹೆಸರೂ ಉಳಿಯಲಿಲ್ಲ. ಬಹಳ ಹೆಮ್ಮೆಯಾಯಿತು.

ಆಮೇಲೆ ಹಾವೂ ಸಾಯದೆ ಕೋಲೂ ಮುರಿಯದೆ ಒಂದು ದಾರಿ ಹೊಳೆಯಿತು. ನಾನು ಅವಳನ್ನು ಹಿಡಿಯುವುದು ಬೇಡ. ಅವಳು ಹುಡುಕಿದಾಗ ನಾನು ಸಿಗುವ ಹಾಗೆ ಮಾಡಿದರಾಯಿತು. ಸೈಟಿನಲ್ಲಿ ಆ ಹೆಸರು ಎಲ್ಲೂ ಇಲ್ಲ, ಅದಕ್ಕೇ ಸಿಗುತ್ತಿಲ್ಲ. ಹಾಕಿದರೆ ಸಿಗುತ್ತದೆ. ಸಾಹೇಬರ ಮೇಜಿನ ಮೇಲೆ ಚೀಟಿ ಇಟ್ಟೆ.

"ಒಂದು ಸಣ್ಣ ಜಾಹೀರಾತು ಹಾಕ್ಬೇಕಿತ್ತು, ಸಾಹೇಬ್ರೆ."

ಅವರು ಕನ್ನಡಕ ಏರಿಸಿ ಓದಿದರು. ಮಿರ್ಜಾನದ ಇಂಥವಳನ್ನು ಹುಡುಕುತ್ತಿರುವವರು ಇಲ್ಲಿ ಉತ್ತರ ಬರೆಯಬೇಕು, ಅವಳು ಕಾಯುತ್ತಿದ್ದಾಳೆ.

"ಯಾರಿದು?"

"ನಾನೇ. ಮದುವೆಗೆ ಮುಂಚಿನ ಹೆಸರು."

ಅವರು ಚೀಟಿಯನ್ನೂ ನನ್ನನ್ನೂ ಎರಡು ಸಲ ನೋಡಿದರು. "ಹೆಸರು ಯಾವುದಾದ್ರೂ ನಮಗೆ ನೀವು ಅಕ್ಕೋರೇ" ಎಂದು ಚೀಟಿ ವಾಪಸು ಕೊಟ್ಟರು. "ಹಾಕಿ. ನಿಮ್ಮ ನಂಬರು?"

"ಬೇಡ" ಎಂದೆ. ಹೆಂಗಸರ ಜಾಹೀರಾತಿನಲ್ಲಿ ಫೋನ್ ನಂಬರು ಹಾಕಬಾರದೆಂದು ನಿಯಮ ಮಾಡಿದ್ದು ನಾನೇ. ಹಿಂದೆ ಹೊಲಿಗೆ ಕಲಿಸುವ ಒಬ್ಬರ ನಂಬರು ಹಾಕಿ, ಎಲ್ಲೆಲ್ಲಿಂದಲೋ ಪೋಕರಿಗಳು ಫೋನ್ ಮಾಡಿ ಅವರ ಜೀವ ಹಿಂಡಿದ್ದರು. ನನ್ನ ಕೋಣೆಗಂತೂ ಒಂದೇ ಚಿಲಕ. ಉತ್ತರ ಹೇಗೂ ಲಾಗಿನಲ್ಲಿ ಬರುತ್ತದೆ, ನನ್ನ ಕೈಗೇ ಬರುತ್ತದೆ. ಅದಕ್ಕಿಂತ ಸುರಕ್ಷಿತ ಯಾವುದಿದೆ?

ಜಾಹೀರಾತು ಹಾಕಿದ ಮೇಲೆ ನನ್ನ ದಿನಗಳೇ ಬೇರೆಯಾದವು. ಬಸ್ಸು ಕಾಯ್ಕಿಣಿ ದಾಟುವಾಗಲೇ ಎದ್ದು ಬಾಗಿಲ ಹತ್ತಿರ ನಿಲ್ಲುತ್ತಿದ್ದೆ, ಹಾಗೆ ನಿಂತರೆ ಭಟ್ಕಳ ಬೇಗ ಬರುವಂತೆ. ಅವಳ ಹತ್ತಿರ ಮೊದಲು ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಮನೆಯೊಡತಿ "ಎಂತ, ಸಂಬಳ ಜಾಸ್ತಿ ಆತಾ?" ಎಂದು ಕೇಳಿದರು.

ಒಂಬತ್ತನೇ ದಿನ ಉತ್ತರ ಬಂತು. ಆ ತಿದ್ದುಪಡಿಯ ನಂತರ ಸೈಟಿಗೆ ಬಂದ ಮೊತ್ತಮೊದಲ ಉತ್ತರ ಅದು. ನಮ್ಮ ಮನೆಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದು. ಪದಗಳ ನಡುವೆ ಜಾಗದ ಬದಲು ಶೇಕಡಾ ಚಿಹ್ನೆ ಮತ್ತು ಇಪ್ಪತ್ತು. ಅದನ್ನೆಲ್ಲ ದಾಟಿ ದಾಟಿ ಓದಿದೆ.

"ನಾನೇ ಇದು. ನೀ ಹೇಳದಿದ್ರೂ ಅಪ್ಪಂಗೆ ಗೊತ್ತಾಗ್ತಿತ್ತು. ನಂಗೆ ಸಿಟ್ಟಿಲ್ಲೆ, ಯಾವತ್ತೂ ಇತ್ತಿಲ್ಲೆ. ಸಂಜೆ ಐದರ ಮೇಲೆ ಫೋನ್ ಮಾಡು, ನಾ ಒಬ್ಬಳೇ ಇರ್ತೆ. ನಂಬರು xxxxxxxxxx. ನೀ ಮಾಡದಿದ್ರೆ ನಿಂಗೆ ಮನಸ್ಸಿಲ್ಲೆ ಹೇಳಿ ತಿಳ್ಕತ್ತೆ. ಮತ್ತೆ ಹುಡುಕಿ ನಿಂಗೆ ತ್ರಾಸು ಕೊಡ್ತ್ನಿಲ್ಲೆ."

ಮೊದಲು ಅರ್ಥವಾಗಲಿಲ್ಲ. ಸಿಟ್ಟಿಲ್ಲೆ ಎಂಬಲ್ಲಿಗೇ ನಾನು ಅಳಲು ಶುರುಮಾಡಿದ್ದೆ. ಕಣ್ಣೊರೆಸಿ ನಂಬರು ಬರೆದುಕೊಳ್ಳಲು ಪೆನ್ನು ಹಿಡಿದೆ. ಹತ್ತು ಎಕ್ಸ್.

ಅಳಿಸುವ ಸಾಲನ್ನು ಮೇಲೆ ತಂದಿದ್ದೆ. ಉತ್ತರ ಎತ್ತಿಡುವ ಸಾಲು ಅದರ ಕೆಳಗೆ ಉಳಿದಿತ್ತು. ಅದನ್ನೂ ಜೊತೆಗೆ ಮೇಲೆ ತರಬೇಕಿತ್ತು ಎಂಬುದು ನನಗೆ ಹೊಳೆದೇ ಇರಲಿಲ್ಲ. ಎತ್ತಿಡುವಷ್ಟರಲ್ಲಿ ನಂಬರು ಅಳಿದಿತ್ತು, ಮೂಲ ಲಾಗು ಕಸವಾಗಿತ್ತು. ಟ್ಯುಟೋರಿಯಲ್ಲಿನ ಹುಡುಗಿಯರು ಇಂಥ ತಪ್ಪು ಮಾಡಿದರೆ ಕಿವಿ ಹಿಂಡುತ್ತಿದ್ದೆ.

ಹೊರದೇಶದ ಕಂಪನಿಗೆ ಬರೆದೆ. ಅವರದು ಬಲು ವಿನಯದ ಉತ್ತರ. ತಮ್ಮ ಕೋರಿಕೆಯಂತೆ ಹಸ್ತಾಂತರಿಸಿದ ತಕ್ಷಣ ಅಳಿಸಿದ್ದೇವೆ ಎಂದು, ನನ್ನದೇ ಪತ್ರದ ಪ್ರತಿಯನ್ನು ಲಗತ್ತಿಸಿದ್ದರು. ಅವಳ ತವರಿಗೆ ಹೋಗಿ ಕೇಳೋಣವೆಂದು ಮಿರ್ಜಾನಕ್ಕೂ ಹೋದೆ. ಮನೆ ಮಾರಿ ವರ್ಷಗಳಾಗಿದ್ದವು. ಕೊಂಡವರಿಗೆ ಅವರ ಸುದ್ದಿ ಗೊತ್ತಿರಲಿಲ್ಲ. ಆ ಗುರುವಾರ ನೋಡಿದ್ದ ಕಂಪ್ಯೂಟರಿನ ವಿಳಾಸವನ್ನಾದರೂ ಬರೆದಿಟ್ಟಿದ್ದೆನೇ, ಅದೂ ಇಲ್ಲ. ಮರ್ಯಾದಸ್ಥೆಯಲ್ಲವೇ ನಾನು.

ಸಾಹೇಬರಿಗೆ ಹೇಳಿದೆ. "ನೀವು ಮಾಡಿದ್ದು ಸರಿಯೇ ಇತ್ತು, ಅಕ್ಕೋರೆ" ಎಂದರು.

"ಸರಿ ಇದ್ದದ್ದನ್ನ ಇಟ್ಕೊಂಡು ನಾನೆಂತ ಮಾಡ್ಲಿ, ಸಾಹೇಬ್ರೆ?" ಎಂದೆ. ಅವರ ಮೇಲೆ ನಾನು ದನಿ ಎತ್ತಿದ್ದು ಅದೊಂದೇ ಸಲ. ಅವರು ತಾವೇ ಕೆಳಗೆ ಹೋಗಿ ಚಹಾ ಹೇಳಿ ಬಂದರು.

ಆ ದಿನವೇ ಜಾಹೀರಾತನ್ನು ಬದಲಿಸಿದೆ. ನಿಯಮ ಗಿಯಮ ಬದಿಗಿಟ್ಟು ನನ್ನ ನಂಬರನ್ನೇ ದಪ್ಪಕ್ಷರದಲ್ಲಿ ಹಾಕಿದೆ. ನಿನ್ನ ನಂಬರು ನನಗೆ ಮುಟ್ಟಲಿಲ್ಲ, ನೀನೇ ಮಾಡು ಎಂದು ಬರೆದೆ. ಪೋಕರಿಗಳ ಫೋನು ಬಂದವು, ಬರಲಿ ಎಂದು ಎಲ್ಲವನ್ನೂ ಎತ್ತಿದೆ. ಒಂದು ವಾರ ಸ್ಕ್ರಿಪ್ಟು ನಿಲ್ಲಿಸಿ ಮೂಲ ಲಾಗನ್ನು ಸಾಲುಸಾಲಾಗಿ ಓದಿದೆ. ಯಾರು ಯಾರನ್ನು ಹುಡುಕುತ್ತಾರೆಂದು ಮೂರು ತಾಲೂಕಿನ ಗುಟ್ಟೆಲ್ಲ ಕಣ್ಣ ಮುಂದೆ ಹಾದುಹೋಯಿತು. ನನ್ನ ಹೆಸರು ಮಾತ್ರ ಇರಲಿಲ್ಲ. ಅವಳು ನಮ್ಮ ಸೈಟಿಗೆ ಬರುತ್ತಿದ್ದದ್ದು ನನ್ನನ್ನು ಹುಡುಕಲು ಅಷ್ಟೇ. ಆ ಕೆಲಸ ಮುಗಿದಿತ್ತು.

ಎಂಟನೇ ದಿನ ಸ್ಕ್ರಿಪ್ಟನ್ನು ಸರಿಯಾದ ಕ್ರಮದಲ್ಲಿ ಮತ್ತೆ ಹಾಕಿದೆ. ಜಾಹೀರಾತನ್ನು ಸಾಹೇಬರು ತೆಗೆಯಲಿಲ್ಲ, ಸೈಟು ಮುಚ್ಚುವವರೆಗೂ ಅದು ಹಾಗೇ ಇತ್ತು.

ಆಫೀಸು ಬಿಟ್ಟು ಸಂಜೆಯ ಬಸ್ಸು ಹತ್ತುವಾಗ ಐದು ದಾಟಿರುತ್ತಿತ್ತು. ಕಿಟಕಿಯ ಪಕ್ಕದ ಸೀಟು ಸಿಕ್ಕರೆ ಕೂತು, ಮೊಬೈಲನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದೆ. ಅಲ್ಲೆಲ್ಲೋ ಅವಳೂ ಹಾಗೇ ಫೋನಿನ ಹತ್ತಿರ ಕೂತಿರಬಹುದು, ಮೊದಲ ದಿನ, ಎರಡನೇ ದಿನ, ಹೆಚ್ಚೆಂದರೆ ಒಂದು ತಿಂಗಳು. ಆಮೇಲೆ ಎದ್ದು ದೀಪ ಹಚ್ಚಲು ಒಳಗೆ ಹೋಗಿರುತ್ತಾಳೆ. ನನ್ನ ಫೋನು ಬಾರದ್ದನ್ನೇ ನನ್ನ ಉತ್ತರ ಎಂದುಕೊಂಡಿರುತ್ತಾಳೆ.